ಹೊಲಿದ ಟೈರು, ಮುಳ್ಳಿನ ಊರು

ಪಂಚರ್ ಅಂಗಡಿಯವನು ನನ್ನ ಸೈಕಲ್ಲಿನ ಹಿಂದಿನ ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಸುತ್ತು ತಿರುಗಿಸಿದ. ಲೀವರ್ ತೂರಿಸಲು ಸಂದಿ ಹುಡುಕಿದ. ಸಿಗಲಿಲ್ಲ. ಇನ್ನೊಂದು ಸುತ್ತು ತಿರುಗಿಸಿದ.

"ಮೇಷ್ಟ್ರೇ, ಇದ್ರ ಟ್ಯೂಬ್ ಎಲ್ಲೈತೆ?"

"ಒಳಗಿದೆ ಕಣೋ."

"ಒಳಗಿದ್ರೆ ಯಂಗೆ ತೆಗೆಯೋದು?"

"ಹೊಲಿಗೆ ಬಿಚ್ಚಬೇಕು."

ಅವನು ಚಕ್ರವನ್ನು ಮೆಲ್ಲಗೆ ನನ್ನ ಕೈಗೇ ಕೊಟ್ಟ. "ಅಂಗಾದ್ರೆ ಬಸ್‌ಸ್ಟ್ಯಾಂಡ್ ತಾವ ಟೈಲರ್ ಅವ್ನೆ, ಅಲ್ಲಿ ತೋರಿಸ್ರಿ" ಅಂದ.

ಇವನು ಏಳನೇ ಕ್ಲಾಸಿನಲ್ಲಿ ನನ್ನ ಶಿಷ್ಯ. ಕಾಗುಣಿತ ತಪ್ಪಿದಾಗಲೆಲ್ಲ "ಅಳಿಸು, ಮೊದಲಿಂದ ಬರಿ" ಎಂದು ಸ್ಲೇಟನ್ನು ವಾಪಸ್ ಕೊಡುತ್ತಿದ್ದೆ. ಅದೇ ಸ್ಲೇಟು ಈಗ ಚಕ್ರವಾಗಿ ನನ್ನ ಕೈಗೆ ಬಂದ ಹಾಗಾಯಿತು.

ಸೈಕಲ್ಲು ನನ್ನದಲ್ಲ, ಅಕ್ಕನ ಮಗನದು. ವಿಜಯಪುರದ ಸೈಕ್ಲಿಂಗ್ ಹಾಸ್ಟೆಲಿನಲ್ಲಿದ್ದು ನಾಲ್ಕು ವರ್ಷ ರೇಸ್ ಓಡಿಸಿದ ಹುಡುಗ. ನೌಕರಿ ಸಿಕ್ಕ ಮೇಲೆ "ಮಾಮಾ, ರಿಟೈರಾಗಿದ್ದೀರಿ, ಸಕ್ಕರೆ ಕಾಯಿಲೆಗೆ ಒಳ್ಳೇದು" ಅಂತ ಬಿಟ್ಟುಹೋದ. ಅದಕ್ಕಿರುವುದು ಟ್ಯೂಬ್ಯುಲರ್ ಟೈರು ಅನ್ನುವುದನ್ನು ಬಸ್ ಹತ್ತಿದ ಮೇಲೆ ಕಿಟಕಿಯಿಂದ ಹೇಳಿದ.

ಮಾಮೂಲಿ ಟೈರಿನ ಎರಡು ಅಂಚಿನಲ್ಲೂ ತಂತಿ ಇರುತ್ತದೆ. ಅದು ರಿಮ್ಮಿನೊಳಗೆ ಕಚ್ಚಿಕೊಂಡು ಕೂರುತ್ತದೆ. ಈ ಟೈರಿಗೆ ಹಾಗೆ ಕಚ್ಚಿಕೊಳ್ಳುವ ಹಲ್ಲಿಲ್ಲ. ಟ್ಯೂಬಿನ ಸುತ್ತ ಬಟ್ಟೆ ಸುತ್ತಿ, ಹೊಟ್ಟೆಯಡಿ ಹೊಲಿದು, ಹೊಲಿಗೆ ಕಾಣದಂತೆ ಮೇಲೊಂದು ಪಟ್ಟಿ ಅಂಟಿಸಿದರೆ ಮುಗಿಯಿತು. ಹೊಟ್ಟೆ ತುಂಬಿದ ಕೇರೆಹಾವಿನಂತೆ ದುಂಡಗೆ ಇರುತ್ತದೆ. ರಿಮ್ಮಿಗೂ ಅದಕ್ಕೂ ನಡುವೆ ಇರುವುದು ಬರೀ ಅಂಟು. ತೂಕ ಕಾಲು ಕೇಜಿ. ಕಾರಿನ ಟೈರಿಗೆ 30-35 ಪೌಂಡ್ ಗಾಳಿ ಸಾಕು, ಇದು 120 ಕುಡಿದರೂ ಇನ್ನೂ ಬೇಕೆನ್ನುತ್ತದೆ. ವಾಲ್ವೂ ಸಣ್ಣಕ್ಕೆ ಉದ್ದಕ್ಕೆ ಬೇರೆಯೇ ಥರ. ನಮ್ಮೂರ ಯಾವ ಪಂಪಿನ ಮೂತಿಗೂ ಹೊಂದುವುದಿಲ್ಲ.

ಇಂಥ ಟೈರನ್ನು ಮೊಳಕಾಲ್ಮೂರಿಗೆ ತರುವುದೆಂದರೆ ಬಲೂನನ್ನು ಕಳ್ಳಿಬೇಲಿಗೆ ಕಟ್ಟಿದ ಹಾಗೆ. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ಸೀಮೆ ನಮ್ಮದು. ಮಳೆ ಇಲ್ಲದಿದ್ದರೂ ಮುಳ್ಳಿಗೆ ಬರ ಬಂದದ್ದನ್ನು ನಾನು ಕಂಡಿಲ್ಲ. ರಸ್ತೆಯ ಎರಡೂ ಕಡೆ ಬಳ್ಳಾರಿ ಜಾಲಿ, ಅದು ಬಿಟ್ಟ ಜಾಗದಲ್ಲಿ ನೆಗ್ಗಿಲು ಮುಳ್ಳು. ಈ ನೆಗ್ಗಿಲು ಅಮೆರಿಕಕ್ಕೂ ಹೋಗಿ ನೆಲೆಸಿದೆ. ಅಲ್ಲಿಯವರು ಅದನ್ನು ಪಂಚರ್ ಬಳ್ಳಿ ಎಂದೇ ಕರೆಯುತ್ತಾರೆ. ಹೇಗೆ ಬಿದ್ದರೂ ಒಂದು ಮುಳ್ಳು ಆಕಾಶ ನೋಡುವಂತೆ ದೇವರು ಅದನ್ನು ಲೆಕ್ಕ ಹಾಕಿಯೇ ಮಾಡಿದ್ದಾನೆ.

ಆ ದಿನ ಚುಚ್ಚಿದ್ದು ಅದೇ. ಸಿದ್ದಾಪುರದ ಕಡೆ ಹೋಗಿದ್ದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರು ಕಡೆಯೂ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದವು. ತಾಯಿತಂದೆಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂದು ಬಂಡೆಯ ಮೇಲೆ ಕೊರೆಸಿದ್ದಾನೆ. ಪಾಠ ಮಾಡುವಾಗ ಕೊನೆಯದನ್ನು ನಾನು ಎರಡು ಸಲ ಹೇಳುತ್ತಿದ್ದೆ. ವಾಪಸ್ ಬರುವಾಗ ಹಿಂದಿನ ಚಕ್ರ ಉಸ್ಸೆಂದಿತು. ಸೈಕಲ್ಲನ್ನು ಹೆಗಲಿಗೇರಿಸಿ ನಡೆದೆ. ಕುರಿ ಕಾಯುತ್ತಿದ್ದ ಅಜ್ಜ ಕಂಬಳಿ ಸರಿಸಿ ನೋಡಿ, "ನೀನು ಅದ್ರ ಮ್ಯಾಲೆ ಹೋಗ್ಬೇಕಲ್ವೇನಪ್ಪಾ?" ಅಂದ. ಹಳೇ ಕಾಲದ ಟೂರ್ ಡಿ ಫ್ರಾನ್ಸ್ ಸವಾರರು ಇದೇ ಜಾತಿಯ ಟೈರನ್ನು ಎಂಟಂಕಿಯಾಗಿ ಮಡಿಸಿ, ನಮ್ಮವರು ಕಂಬಳಿ ಹಾಕಿಕೊಂಡ ಹಾಗೆ ಹೆಗಲಿಗೆ ಹಾಕಿಕೊಂಡು ಓಡುತ್ತಿದ್ದರು. ಅದನ್ನು ಅಜ್ಜನಿಗೆ ವಿವರಿಸುವಷ್ಟು ಉಸಿರು ನನ್ನಲ್ಲಿರಲಿಲ್ಲ.

ಟೈಲರ್ ಹತ್ತಿರ ಹೋಗಲಿಲ್ಲ. ಮನೆಯಲ್ಲೇ ಸೂಜಿ ಇತ್ತು. ನನ್ನವಳು ಸೀರೆ ಸೆರಗಿಗೆ ಕುಚ್ಚು ಕಟ್ಟುವುದರಲ್ಲಿ ಎತ್ತಿದ ಕೈ. ಪಟ್ಟಿ ಎಬ್ಬಿಸಿ, ತೂತಿರುವ ಕಡೆ ಒಂದು ಗೇಣಿನಷ್ಟು ಹೊಲಿಗೆ ಬಿಚ್ಚಿ, ಟ್ಯೂಬಿನ ಕರುಳು ಹೊರಗೆಳೆದು ಪ್ಯಾಚ್ ಹಾಕಿದೆ. ಹೊಲಿಯುವ ಹೊತ್ತಿಗೆ ಅವಳು ಸೂಜಿ ಕಿತ್ತುಕೊಂಡಳು.

"ರೀ, ಇದು ಹೊಲಿಗೇನಾ? ಗೋಣಿಚೀಲಕ್ಕೂ ಹಿಂಗೆ ಹಾಕಲ್ಲ" ಅಂದವಳೇ ಕುಚ್ಚಿಗೆಂದು ತಂದಿದ್ದ ಕೆಂಪು ರೇಷ್ಮೆ ದಾರವನ್ನು ಮೂರೆಳೆ ಹುರಿ ಮಾಡಿ, ಮೇಣ ಸವರಿ, ಹಳೇ ತೂತುಗಳಲ್ಲೇ ಸೂಜಿ ಹಾಯಿಸಿದಳು. ಹಿಂದೆ ಟ್ರ್ಯಾಕ್ ರೇಸಿನ ನಾಜೂಕು ಟೈರುಗಳ ಬಟ್ಟೆಯನ್ನೇ ರೇಷ್ಮೆಯಲ್ಲಿ ನೇಯುತ್ತಿದ್ದರು. ಕ್ಲೆಮೆಂಟ್ ಕಂಪನಿಯ ಟೈರಿಗೆ ಸೇತಾ ಎಂದೇ ಹೆಸರು. ಇಟಲಿಯ ಭಾಷೆಯಲ್ಲಿ ಹಾಗೆಂದರೆ ರೇಷ್ಮೆ. ಇದನ್ನು ಹೇಳಿದ್ದೇ ತಪ್ಪಾಯಿತು. "ಟೈರಿಗೆ ರೇಷ್ಮೆ ಉಡಿಸ್ತಾರೆ, ಮಗ್ಗದೂರಲ್ಲಿದ್ದು ನನಗೆ ಸೀರೆ ಕೊಡಿಸಿ ಎಷ್ಟು ವರ್ಷ ಆಯ್ತು?" ಎಂಬ ಪ್ರಶ್ನೆ ಬಂತು. ನಾನು ರಿಮ್ಮು ಒರೆಸಲು ಎದ್ದುಹೋದೆ.

ಅಂಟಿಸುವುದು ಮೂರು ದಿನದ ವ್ರತ. ಮೊದಲು ಅಂಟಿಲ್ಲದೆ ಟೈರನ್ನು ರಿಮ್ಮಿಗೆ ತೊಡಿಸಿ, ಗಾಳಿ ತುಂಬಿ, ಒಂದು ದಿನ ಹಿಗ್ಗಲು ಬಿಡಬೇಕು. ಆಮೇಲೆ ರಿಮ್ಮಿಗೊಂದು ತೆಳು ಕೈ, ಟೈರಿನ ಪಟ್ಟಿಗೊಂದು ತೆಳು ಕೈ ಅಂಟು ಸವರಿ ರಾತ್ರಿಯೆಲ್ಲ ಒಣಗಿಸಬೇಕು. ಮಾರನೆ ದಿನ ಮತ್ತೆ. ಕೊನೆಯ ಕೈ ಹಸಿ ಇರುವಾಗಲೇ ತೊಡಿಸಬೇಕು. ನಾನು ಒಣಗಲು ಇಟ್ಟದ್ದು ಪಡಸಾಲೆಯಲ್ಲಿ. ಪಕ್ಕದ ಮನೆಯವರು ಅಂಗಳದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದರು. ನಮ್ಮ ಕಡೆಯ ಗಾಳಿ ನಿಮಗೆ ಗೊತ್ತಿರಬೇಕು. ಬೆಳಿಗ್ಗೆ ನೋಡಿದರೆ ರಿಮ್ಮು ಸಿಪ್ಪೆಯ ಹೂಮಾಲೆ ಧರಿಸಿ ನಿಂತಿತ್ತು. ಕೆರೆದು ತೆಗೆಯಲು ಅರ್ಧ ದಿನ, ಸೀಮೆಎಣ್ಣೆ ಅರ್ಧ ಬಾಟಲಿ.

ತೊಡಿಸುವುದು ಬೇರೆಯೇ ಕುಸ್ತಿ. ವಾಲ್ವ್ ತೂತು ಮೇಲೆ ಬರುವಂತೆ ರಿಮ್ಮು ನಿಲ್ಲಿಸಿ, ಅಲ್ಲಿಂದ ಎರಡೂ ಕಡೆ ಟೈರನ್ನು ಕೆಳಕ್ಕೆ ಜಗ್ಗುತ್ತ ಬರಬೇಕು. ಕೊನೆಯ ನಾಲ್ಕು ಬೆರಳಿನ ಭಾಗ ಹತ್ತುವುದೇ ಇಲ್ಲ. ಹೆಬ್ಬೆರಳಿನಲ್ಲಿ ಒತ್ತಿ ಹತ್ತಿಸಿದಾಗ ಅಂಟು ರಿಮ್ಮಿಗಿಂತ ನನ್ನ ಪಂಚೆಗೇ ಹೆಚ್ಚಾಗಿತ್ತು. ಪಂಚೆ ಬಿಡಿಸಿಕೊಳ್ಳಲು ಹೆಂಡತಿಯನ್ನು ಕರೆದೆ. ಆಗ ಅವಳು ಆಡಿದ ಮಾತು ಇಲ್ಲಿ ಬೇಡ.

ಇಷ್ಟೆಲ್ಲ ಯಾಕೆ ಅನ್ನುತ್ತೀರಾ? ಅಂಟು ಸಡಿಲವಾದರೆ ಏನಾಗುತ್ತದೆಂದು 2003ರ ಟೂರ್ ಡಿ ಫ್ರಾನ್ಸಿನಲ್ಲಿ ಲೋಕವೇ ನೋಡಿತು. ಜುಲೈ 14, ಗಾಪ್ ಊರಿನತ್ತ ಇಳಿಜಾರು, ಬಿಸಿಲಿಗೆ ಟಾರು ಕರಗಿದ ರಸ್ತೆ. ಸ್ಪೇನಿನ ಹೊಸೆಬಾ ಬೆಲೋಕಿಯ ಹಿಂದಿನ ಚಕ್ರ ಜಾರಿ, ಟೈರು ರಿಮ್ಮಿನಿಂದ ಕಳಚಿತು. ತೊಡೆ, ಮೊಣಕೈ, ಮಣಿಕಟ್ಟು ಮೂರೂ ಮುರಿದವು. ಹಿಂದಿದ್ದ ಆರ್ಮ್‌ಸ್ಟ್ರಾಂಗ್ ಹೊಲಕ್ಕೆ ನುಗ್ಗಿ, ಸೈಕಲ್ ಎತ್ತಿಕೊಂಡು ಚರಂಡಿ ಹಾರಿ ರಸ್ತೆಗೆ ಬಂದ. ಬ್ರೇಕಿನ ಬಿಸಿಗೂ ಈ ಅಂಟು ಮೆತ್ತಗಾಗುತ್ತದೆ. ಹಿಂದೆ ಟ್ರ್ಯಾಕ್ ಸವಾರರು ಟೈರು ಕೂರಿಸಲು ಅರಗು ಬಳಸುತ್ತಿದ್ದರಂತೆ. ಅರಗಿನ ಮನೆಯ ಕಥೆ ಕೇಳಿ ಬೆಳೆದವನು ನಾನು. ಏಪ್ರಿಲ್ ಬಿಸಿಲಲ್ಲಿ ಅಂಥದರ ಮೇಲೆ ಕೂರುವ ಧೈರ್ಯ ಎಲ್ಲಿಂದ ತರಲಿ?

ಹೀಗೆ ಅಂಟಿಸಿದ ಟೈರಿನ ಗೋಳು ನೋಡಿಯೇ ಮಿಷೆಲಿನ್ ಸಹೋದರರು 1891ರಲ್ಲಿ ಬಿಚ್ಚಿ ಹಾಕುವ ಟೈರು ಮಾಡಿದರು. ಆ ವರ್ಷದ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ರೇಸನ್ನು ಶಾರ್ಲ್ ತೆರೋಂ ಗೆದ್ದದ್ದು ಅದರಲ್ಲೇ. ಫ್ರಾನ್ಸಿನವರಿಗೆ ಆಗಲೇ ಬಂದ ಬುದ್ಧಿ ಹಾಸ್ಟೆಲಿನ ಹುಡುಗನಿಗೂ ಬಂದಿಲ್ಲ, ಅವನ ಮಾಮನಿಗೂ ಬಂದಿಲ್ಲ.

ನಾಲ್ಕನೇ ದಿನ ಚಕ್ರ ಹಿಡಿದುಕೊಂಡು ಪಂಚರ್ ಅಂಗಡಿಗೇ ಹೋದೆ. ಕೆಲಸ ಇರಲಿಲ್ಲ, ತೋರಿಸಬೇಕಿತ್ತು. ಅಳಿಯ ಕೊರಿಯರ್ ಮಾಡಿದ್ದ ಪಂಪಿನಿಂದ ಎದುರಿಗೇ ಗಾಳಿ ತುಂಬಿದೆ. ನೂರು, ನೂರ ಹತ್ತು, ನೂರ ಇಪ್ಪತ್ತು. ಬೆರಳಲ್ಲಿ ಹೊಡೆದರೆ ತಮಟೆಯಂತೆ ಟಣ್ ಅಂದಿತು. ಶಿಷ್ಯ ಎದ್ದು ಬಂದು, ಚಕ್ರಕ್ಕೆ ಕಿವಿ ಇಟ್ಟು ಕೇಳಿದ. ಆಮೇಲೆ ಬೋಗುಣಿ ಎಳೆದು ನೀರಲ್ಲಿ ತಿರುಗಿಸಿದ. ರೇಷ್ಮೆ ಹೊಲಿಗೆ ಇದ್ದ ಕಡೆ ಪಟ್ಟಿಯ ಅಂಚಿನಿಂದ ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಮೇಲೆದ್ದವು. ಸೂಜಿ ಟ್ಯೂಬಿಗೂ ಹೋಗಿತ್ತು.

ಅವನು ಕೈ ಒರೆಸಿಕೊಂಡು ಚಕ್ರವನ್ನು ನನ್ನ ಕೈಗಿಟ್ಟ.

"ತಪ್ಪೈತೆ ಮೇಷ್ಟ್ರೇ. ಅಳಿಸಿ, ಮೊದಲಿಂದ ಬರೀರಿ."