ಅಡ್ಡಕೋಲಿನ ಅಧಿಪತಿಗಳಿಗೆ ಒಂದು ಬಹಿರಂಗ ಪತ್ರ

ಜರ್ಮನಿಯ ದಕ್ಷಿಣದಂಚಿನ ಬೋಡೆನ್‌ಸೇ ಎಂಬ ವಿಶಾಲ ಸರೋವರದ ಉತ್ತರ ತೀರದಲ್ಲಿ, ಹೆಸರು ಹೇಳದೆ ಬಿಡುವುದೇ ಸೌಜನ್ಯವೆನಿಸುವ ಒಂದು ಕ್ಯಾಂಪಿಂಗ್ ಮೈದಾನದ ದ್ವಾರದಲ್ಲಿ, ಕೆಂಪು ಬಿಳಿಯ ಪಟ್ಟೆಗಳನ್ನುಟ್ಟು ಅಡ್ಡಲಾಗಿ ಪವಡಿಸಿರುವ ಶ್ರೀಮನ್ಮಹಾ ಅಡ್ಡಕೋಲಿಗೂ, ಅದನ್ನು ಏರಿಸುವ ಮತ್ತು ಇಳಿಸುವ ಪರಮಾಧಿಕಾರವನ್ನು ಪಡೆದಿರುವ ಮಹಾಶಯರಿಗೂ ಅನಂತ ನಮಸ್ಕಾರಗಳು.

ನಿನ್ನೆಯ ದಿನ ಮಧ್ಯಾಹ್ನ ಒಂದು ಗಂಟೆಯ ಮೇಲೆ ಕೆಲವೇ ನಿಮಿಷಗಳು ಸಂದಿದ್ದಾಗ, ಕಾರಿನ ಬೆನ್ನಿಗೆ ಬಾಡಿಗೆಯ ಕ್ಯಾರವಾನೊಂದನ್ನು ಕೊಂಡಿ ಹಾಕಿಕೊಂಡು ತಮ್ಮ ಸನ್ನಿಧಿಗೆ ಬಂದು ನಿಂತ ಹಳದಿ ನಂಬರ್ ಪ್ಲೇಟಿನ ಸಂಸಾರವನ್ನು ತಾವು ಮರೆತಿರಬಹುದು, ನಾವು ಮರೆತಿಲ್ಲ. ಐಂಡ್‌ಹೋವನ್ ಎಂಬ ಹಾಲೆಂಡಿನ ನಗರದಲ್ಲಿ ಉದ್ಯೋಗದಲ್ಲಿರುವ ಮಗ, ಸೊಸೆ, ಪುಟ್ಟ ಮೊಮ್ಮಗಳು, ಮಂಡಿನೋವಿನ ನನ್ನ ಮಡದಿ, ನಿವೃತ್ತನಾದ ಮೇಲೆ ಲೋಕವನ್ನು ನೋಡಬೇಕೆಂಬ ಚಪಲಕ್ಕೆ ಬಿದ್ದ ನಾನು, ಇಷ್ಟು ಜನ ಲಕ್ಸೆಂಬರ್ಗನ್ನೂ ಫ್ರಾನ್ಸಿನ ಲೊರೇನ್ ಆಲ್ಸೇಸ್ ಪ್ರಾಂತಗಳನ್ನೂ ದಾಟಿ, ರೈನ್ ನದಿಯನ್ನು ಹಾಯ್ದು, 100 ಕಿಲೋಮೀಟರ್ ವೇಗದ ಪರವಾನಗಿಯ ಮುದ್ರೆಯಿಲ್ಲದ ಕ್ಯಾರವಾನು ತಮ್ಮ ದೇಶದ ಆಟೋಬಾನಿನಲ್ಲಿ ಗಂಟೆಗೆ 80 ಕಿಲೋಮೀಟರನ್ನು ಮೀರಕೂಡದೆಂಬ ವಿಧಿಯನ್ನು ಶಿರಸಾ ವಹಿಸಿ, ಲಾರಿಗಳ ಸಾಲಿನಲ್ಲಿ ತೆವಳುತ್ತ ಬಂದಿದ್ದೆವು. ಮೊದಲೇ ಸ್ಥಳ ಕಾದಿರಿಸೋಣವೆಂದು ಮಗನು ಬರೆದು ಕೇಳಿದಾಗ, ಒಂದೆರಡು ರಾತ್ರಿಗಳಿಗಾಗಿ ಕಾದಿರಿಸುವ ಪದ್ಧತಿ ನಮ್ಮಲ್ಲಿಲ್ಲ, ಮೊದಲು ಬಂದವರಿಗೆ ಮೊದಲ ಸ್ಥಳ ಎಂಬ ಉತ್ತರವನ್ನು ತಾವೇ ದಯಪಾಲಿಸಿದ್ದಿರಿ. ನಾವು ಬಂದೆವು. ಆದರೆ ಶ್ರೀಮನ್ಮಹಾ ಅಡ್ಡಕೋಲು ಅಷ್ಟರೊಳಗೆ ಯೋಗನಿದ್ರೆಗೆ ಇಳಿದಾಗಿತ್ತು.

ಒಂದರಿಂದ ಮೂರರವರೆಗೆ ಮಿಟ್ಟಾಗ್ಸ್‌ರೂಹೆ, ಅಂದರೆ ಮಧ್ಯಾಹ್ನದ ಶಾಂತಿ, ಎಂದು ಮಗನು ಫಲಕವನ್ನು ಓದಿ ಹೇಳಿದನು. ಆ ಎರಡು ಗಂಟೆಗಳ ಕಾಲ ವಾಹನ ಚಲಿಸಕೂಡದು, ಕಚೇರಿ ತೆರೆಯಕೂಡದು, ಕೋಲು ಏಳಕೂಡದು. ಉಂಡ ಮೇಲೆ ಒಂದು ಗಳಿಗೆ ಒರಗಿಕೊಳ್ಳುವುದನ್ನು ಆಕ್ಷೇಪಿಸುವ ನಾಲಗೆ ನನಗಿಲ್ಲ. ಮೈಸೂರಿನಲ್ಲಿ ಈಗ ನನಗಿರುವ ಪ್ರಧಾನ ಉದ್ಯೋಗವೇ ಅದು. ನಮ್ಮ ಕಡೆಯ ದೇವಸ್ಥಾನಗಳಲ್ಲಿಯೂ ಮಧ್ಯಾಹ್ನದ ಮಹಾಮಂಗಳಾರತಿಯಾದೊಡನೆ ಬಾಗಿಲು ಹಾಕುತ್ತಾರೆ, ದೂರದಿಂದ ಬಂದವನು ಜಗಲಿಯ ಮೇಲೆ ಅಂಗವಸ್ತ್ರ ಹಾಸಿಕೊಂಡು ಸಂಜೆಯವರೆಗೆ ಬಿದ್ದಿರುತ್ತಾನೆ, ಬಾಗಿಲು ತೆರೆದಾಗ ದರ್ಶನ ಮಾಡಿಕೊಂಡು ಹೋಗುತ್ತಾನೆ. ಅಲ್ಲಿಗೂ ಇಲ್ಲಿಗೂ ಇರುವ ಭೇದವೊಂದೇ: ಸಂಜೆ ಬಾಗಿಲು ತೆರೆದ ಅರ್ಚಕನು, ದೇವರು ಬೆಳಗ್ಗೆಯೇ ಮುಗಿದುಹೋದ ಎಂದು ಇದುವರೆಗೆ ಯಾವ ಭಕ್ತನಿಗೂ ಹೇಳಿದ್ದಿಲ್ಲ.

ಆ ಎರಡು ಗಂಟೆಗಳ ಕಾಲ ನಾನು ಕಂಡ ಶಾಂತಿಯ ಸ್ವರೂಪವನ್ನು ಸ್ವಲ್ಪ ನಿವೇದಿಸುತ್ತೇನೆ. ನಮ್ಮ ಹಿಂದೆ ಒಂದಾದ ಮೇಲೊಂದರಂತೆ ವಾಹನಗಳು ಬಂದು ನಿಂತು, ಬಾಲವು ಹೆದ್ದಾರಿಯ ತಿರುವಿನವರೆಗೂ ಬೆಳೆಯಿತು. ಕ್ಯಾರವಾನನ್ನು ಹಿಮ್ಮುಖವಾಗಿ ನಡೆಸಿ ಹೊರಬರುವುದು ಅಸಾಧ್ಯವಾಯಿತು. ತಿರುವಿನಲ್ಲಿ ಸಿಕ್ಕಿಕೊಂಡ ಬಸ್ಸಿನ ಚಾಲಕನು ತನ್ನ ಹಾರ್ನಿನಿಂದ ತಮ್ಮ ಶಾಂತಿಗೆ ದೀರ್ಘವಾದ ಮಂಗಳವನ್ನು ಹಾಡಿದನು. ಕೋಲಿನಾಚೆ, ನಿದ್ರಿಸುತ್ತಿದ್ದ ಸಮಸ್ತ ಮೈದಾನದಲ್ಲಿ ಎಚ್ಚರವಾಗಿದ್ದ ಏಕಮಾತ್ರ ಪ್ರಾಣಿಯೆಂದರೆ ತಾನಾಗಿಯೇ ತಿರುಗಿ ಹುಲ್ಲು ಕತ್ತರಿಸುವ ಒಂದು ಪುಟ್ಟ ಯಂತ್ರ. ಅದು ಮತ್ತೆ ಮತ್ತೆ ಕೋಲಿನ ಬುಡದವರೆಗೆ ಬಂದು, ನಮ್ಮ ಮೊಮ್ಮಗಳನ್ನು ಒಂದು ಕ್ಷಣ ದಿಟ್ಟಿಸುವಂತೆ ನಿಂತು, ಪ್ರವೇಶವಿಲ್ಲವೆಂಬಂತೆ ಬೆನ್ನು ತಿರುಗಿಸಿ ಹೋಗುತ್ತಿತ್ತು. ನನ್ನ ಮಡದಿ ಕ್ಯಾರವಾನಿನ ಒಳಗೆ, ಓರೆಯಾಗಿ ನಿಂತ ನೆಲದ ಮೇಲೆ ಒಂದು ಕೈಯಲ್ಲಿ ಬೀರುವನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಮೊಸರನ್ನ ಕಲೆಸಿದಳು. ಅವಳ ಮಂಡಿಯ ನೋವನ್ನು ನೋಡಲಾರದೆ ಸೊಸೆ ಮಡಿಸುವ ಕುರ್ಚಿಯೊಂದನ್ನು ರಸ್ತೆಯ ಬದಿಗೆ ಇಳಿಸಿದಳು. ಎದುರು ಮನೆಯ ಕಿಟಕಿಯಿಂದ ಒಬ್ಬ ಸಜ್ಜನರು ಇಣುಕಿ, ಬಹಿರಂಗ ಸ್ಥಳದಲ್ಲಿ ವಾಹನ ನಿಲ್ಲಿಸಬಹುದು, ಕುರ್ಚಿ ಹೊರಗೆ ಬಂದರೆ ಅದು ಕ್ಯಾಂಪಿಂಗ್ ಆಗುತ್ತದೆ ಎಂದು ತಿಳಿಹೇಳಿದರು. ಕುರ್ಚಿ ಒಳಗೆ ಹೋಯಿತು. ಮಂಡಿ ಹೊರಗೆ ನಿಂತಿತು.

ಮೂರು ಗಂಟೆಗೆ ಶ್ರೀಮನ್ಮಹಾ ಅಡ್ಡಕೋಲು ಮೇಲೆದ್ದಿತು. ನಮ್ಮ ಎದೆಯೂ ಅದರೊಡನೆ ಅಷ್ಟೇ ಎತ್ತರಕ್ಕೆ ಎದ್ದಿತು. ತಾವು ಕಿಟಕಿ ತೆರೆದು, ಕನ್ನಡಕವನ್ನು ಏರಿಸಿಕೊಂಡು, ಅತ್ಯಂತ ಪ್ರಸನ್ನವದನದಿಂದ ಹೇಳಿದ ಮಾತು: ಸ್ಥಳವಿಲ್ಲ, ಎಲ್ಲವೂ ಭರ್ತಿ. ಯಾವಾಗಿನಿಂದ ಭರ್ತಿ ಎಂದು ಮಗನು ಕೇಳಿದ್ದಕ್ಕೆ ತಾವು ಕೊಟ್ಟ ಉತ್ತರವನ್ನು ಅವನು ಕನ್ನಡದಲ್ಲಿ ಹೇಳಿದಾಗ ನನಗೆ ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಹೇಳಿಸಿಕೊಂಡೆನು. ಬೆಳಗ್ಗೆ ಹನ್ನೊಂದು ಗಂಟೆಯಿಂದ! ಮಹಾಶಯರೇ, ಹನ್ನೊಂದಕ್ಕೆ ಭರ್ತಿಯಾದ ಮೈದಾನದ ಮುಂದೆ ಒಂದರಿಂದ ಮೂರರವರೆಗೆ ಮುದುಕರನ್ನೂ ಮಕ್ಕಳನ್ನೂ ಆಗಸ್ಟ್ ತಿಂಗಳ ಬಿಸಿಲಿನಲ್ಲಿ ಕಾಯಿಸಿದ್ದು ಯಾತಕ್ಕೆ? ವೈಕುಂಠದ ಬಾಗಿಲಲ್ಲಿ ಸನಕಾದಿ ಮುನಿಗಳನ್ನು ತಡೆದ ಜಯವಿಜಯರೂ ಕೂಡ, ತಡೆಯುವ ಕಾಲಕ್ಕೇ ತಡೆದರಲ್ಲದೆ, ಎರಡು ಗಂಟೆ ಆಸೆ ಹುಟ್ಟಿಸಿ ಆಮೇಲೆ ಒಳಗೆ ಹಾಸಿಗೆ ಖಾಲಿಯಿಲ್ಲವೆಂದು ಹೇಳಲಿಲ್ಲ. ಅಷ್ಟಕ್ಕೇ ಅವರಿಗೆ ಮೂರು ಜನ್ಮಗಳ ಶಾಪ ಬಂದಿತು. ತಮ್ಮ ಲೆಕ್ಕವನ್ನು ನಾನು ಮಾಡುವುದಿಲ್ಲ.

ಆ ಎರಡು ಗಂಟೆಗಳ ಬೆಲೆಯೇನೆಂಬುದನ್ನು ಮಾತ್ರ ತಾವು ತಿಳಿಯತಕ್ಕದ್ದು. ಸರೋವರದ ಸುತ್ತಲಿನ ಸ್ಥಳಗಳೆಲ್ಲ ಬೇಸಗೆಯಲ್ಲಿ ಮಧ್ಯಾಹ್ನದೊಳಗೆ ತುಂಬುವವು. ಮೂರರ ಮೇಲೆ ಹುಡುಕಲು ಹೊರಟವನಿಗೆ ಉಳಿಯುವುದು ರಸ್ತೆ ಮಾತ್ರ. ತಾವೇ ಬೆರಳು ತೋರಿದ, ವಾಹನ ನಿಲ್ಲಿಸಿ ತಂಗುವ ಪುರಸಭೆಯ ತಾಣವಾದ ಷ್ಟೆಲ್‌ಪ್ಲಾಟ್ಸ್‌ಗೆ ಹೋದೆವು. ಅಲ್ಲಿ ಖಾಲಿ ಸ್ಥಳಗಳು ಕಣ್ಣಿಗೆ ಕಾಣುತ್ತಿದ್ದವು. ಆದರೆ ಅವು ಇಂಜಿನ್ನೂ ಮನೆಯೂ ಒಂದೇ ದೇಹವಾಗಿರುವ ಮೋಟಾರ್‌ಹೋಮುಗಳಿಗೆ ಮೀಸಲು. ಕಾರು ಮುಂದೆ ಕ್ಯಾರವಾನು ಹಿಂದೆ ಇರುವ ದ್ವೈತಿಗಳಿಗೆ ಪ್ರವೇಶವಿಲ್ಲ. ಆಟೋಬಾನಿನ ವಿಶ್ರಾಂತಿ ಸ್ಥಳಕ್ಕೆ ಹೋದೆವು. ಚಾಲಕನು ಮತ್ತೆ ಓಡಿಸಲು ಶಕ್ತನಾಗುವುದಕ್ಕಾಗಿ ಒಂದು ರಾತ್ರಿ ವಾಹನದಲ್ಲಿ ಮಲಗುವುದನ್ನು ತಮ್ಮ ದೇಶದ ವ್ಯವಸ್ಥೆ ಒಪ್ಪುತ್ತದೆ. ಆದರೆ ಕ್ಯಾರವಾನಿಗಾಗಿ ಗೆರೆಯೆಳೆದ ಜಾಗಗಳಲ್ಲೆಲ್ಲ ಲಾರಿಗಳು ನಿಂತಿದ್ದವು. ಅವುಗಳ ಚಾಲಕರನ್ನು ದೂಷಿಸಲಾರೆ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಮಿಸಬೇಕು, ದಿನದ ಕೊನೆಯಲ್ಲಿ ದೀರ್ಘ ವಿಶ್ರಾಂತಿ ಪಡೆಯಲೇಬೇಕು ಎಂದು ಐರೋಪ್ಯ ಒಕ್ಕೂಟದ 2006ರ ನಿಯಮ ವಿಧಿಸಿರುವಾಗ, ಆ ಬಡಪಾಯಿಗಳು ಲಾರಿಯನ್ನು ಜೇಬಿನಲ್ಲಿಟ್ಟುಕೊಂಡು ಮಲಗುವುದು ಸಾಧ್ಯವೇ? ದಕ್ಷಿಣಕ್ಕೆ ಸ್ವಿಟ್ಜರ್ಲೆಂಡ್ ಇತ್ತು. ಅಲ್ಲಿನ ಹೆದ್ದಾರಿಗೆ ಕಾರಿಗೊಂದು 40 ಫ್ರಾಂಕಿನ ಚೀಟಿ, ಇಂಜಿನ್ನಿಲ್ಲದೆ ಹಿಂದೆ ಉರುಳುವ ಕ್ಯಾರವಾನಿಗೆ ಪ್ರತ್ಯೇಕವಾಗಿ ಇನ್ನೊಂದು 40 ಫ್ರಾಂಕಿನ ಚೀಟಿ. ಒಂದು ರಾತ್ರಿಯ ನಿದ್ರೆಗೆ ಅಷ್ಟು ಕಪ್ಪವನ್ನು ಒಪ್ಪಿಸುವ ಉದಾರಬುದ್ಧಿ ನನಗೆ ಬರಲಿಲ್ಲ. ಕೊನೆಗೆ ಮಗನು ತಮ್ಮ ದೇಶದ ರಸ್ತೆ ನಿಯಮದ ಇನ್ನೊಂದು ಸೂಕ್ಷ್ಮವನ್ನು ವಿವರಿಸಿದನು: ಕಾರಿನಿಂದ ಬಿಡಿಸಿಟ್ಟ ಕ್ಯಾರವಾನು ಸಾರ್ವಜನಿಕ ರಸ್ತೆಯ ಬದಿಯಲ್ಲಿ ಎರಡು ವಾರಗಳವರೆಗೆ ನಿಲ್ಲಬಹುದಂತೆ. ಒಳಗೆ ಮನುಷ್ಯರಿಲ್ಲದಿದ್ದರೆ ಎರಡು ವಾರ, ಇದ್ದರೆ ಒಂದೇ ರಾತ್ರಿ! ಮನೆಗೆ ದೊರೆಯುವ ಮರ್ಯಾದೆ ಮನೆಯವರಿಗೆ ದೊರೆಯದ ಈ ಧರ್ಮಸೂಕ್ಷ್ಮವನ್ನು ಮೊಮ್ಮಗಳಿಗೆ ಅರ್ಥ ಮಾಡಿಸುವಷ್ಟರೊಳಗೆ ಅವಳು ಅಳುತ್ತಳುತ್ತಲೇ ನಿದ್ರೆ ಹೋದಳು.

ಇಲ್ಲಿಯವರೆಗೆ ಪರಿಹಾಸದಿಂದ ಬರೆದೆನು. ಇನ್ನು ನನ್ನಿಂದಾಗದು. ಕೋಲು ಇಳಿಸಿದ್ದಕ್ಕೆ ನನಗೆ ಕೋಪವಿಲ್ಲ, ತಾವು ನಿದ್ರಿಸಿದ್ದಕ್ಕೆ ಕೋಪವಿಲ್ಲ, ಸ್ಥಳವಿಲ್ಲದ್ದಕ್ಕಂತೂ ಮೊದಲೇ ಇಲ್ಲ. ತುಂಬಿದ ಮನೆ ತುಂಬಿದ ಮನೆಯೇ. ಸ್ಥಳವಿಲ್ಲವೆಂದು ಗೊತ್ತಿದ್ದೂ ಒಂದು ಹಲಗೆ ತೂಗುಹಾಕದೆ ಹೋಗಿ ಮಲಗಿದಿರಲ್ಲ, ಅದಕ್ಕೆ ಕೋಪ. ಒಂದು ಹಲಗೆ! ಮಧ್ಯಾಹ್ನ ಶಾಂತವಾಗಿರಬೇಕೆಂದು, ಚೆಂಡಾಡಬಾರದೆಂದು, ನಾಯಿಗೆ ಹಗ್ಗ ಕಟ್ಟಬೇಕೆಂದು, ರಾತ್ರಿ ಹತ್ತರ ಮೇಲೆ ಮಾತಾಡಬಾರದೆಂದು ಆ ಗೋಡೆಯ ತುಂಬ ಹಲಗೆಗಳನ್ನು ಹೊಡೆದಿದ್ದೀರಿ. ಬಂದವನು ಏನು ಮಾಡಬಾರದೆಂದು ಹೇಳಲು ಅಷ್ಟು ಹಲಗೆ. ಅವನು ಹೋಗಬಹುದೆಂದು ಹೇಳಲು ಒಂದೂ ಇಲ್ಲ.

ಎಲ್ಲ ಕಡೆಯೂ ಹೀಗೆಯೇ ಎಂದು ತಾವು ಹೇಳುವಂತಿಲ್ಲ. ಲೊರೇನ್ ಪ್ರಾಂತದಲ್ಲಿ ಮೊಸೆಲ್ ನದಿಯ ದಡದ ಹಳ್ಳಿಯೊಂದರ ಪುರಸಭೆಯ ಮೈದಾನಕ್ಕೆ ಹೋದಾಗ ಕೋಲೂ ಇರಲಿಲ್ಲ, ಕಾವಲುಗಾರನೂ ಇರಲಿಲ್ಲ. ಇಷ್ಟವಾದ ಮರದ ಕೆಳಗೆ ನಿಲ್ಲಿಸಿಕೊಂಡು ಕಾಫಿ ಕುಡಿಯುತ್ತಿದ್ದಾಗ, ಸಂಜೆ ಒಬ್ಬ ಹೆಂಗಸು ಹಣದ ತಗಡಿನ ಡಬ್ಬಿಯೊಂದಿಗೆ ಸೈಕಲ್ಲಿನ ಮೇಲೆ ಬಂದು, ನಮ್ಮ ತಲೆಗಳನ್ನು ಎಣಿಸಿ, ಒಂದೇ ಮೊತ್ತವನ್ನು ಹೇಳಿ, ಚಿಲ್ಲರೆ ಕೊಟ್ಟು ಹೋದಳು. ತಮ್ಮ ಕಡೆಯ ಬಿಲ್ಲುಗಳಾದರೋ ಸಹಸ್ರನಾಮದಷ್ಟು ಉದ್ದ: ದೊಡ್ಡವರಿಗೆ ಇಷ್ಟು, ಮಗುವಿಗೆ ಇಷ್ಟು, ಕಾರಿಗೆ ಇಷ್ಟು, ಕ್ಯಾರವಾನಿಗೆ ಇಷ್ಟು, ವಿದ್ಯುತ್ತಿಗೆ ಇಷ್ಟು, ಕಸಕ್ಕೆ ಇಷ್ಟು, ಸ್ನಾನದ ಬಿಲ್ಲೆಗೆ ಇಷ್ಟು, ಊರಿನ ಗಾಳಿಯನ್ನು ಉಸಿರಾಡಿದ್ದಕ್ಕೆ ಊರಿನ ತೆರಿಗೆ ಇಷ್ಟು, ನಾಯಿಯಿದ್ದರೆ ನಾಯಿಗೆ ಇಷ್ಟು.

ಇನ್ನೊಂದು ಮಾತು. ತಮ್ಮ ಸರೋವರಕ್ಕೆ ದೂರವಲ್ಲದ ಇಸ್ನಿ ಎಂಬ ಊರಿನಲ್ಲಿ 1931ರಲ್ಲಿ ಆರಿಸ್ಟ್ ಡೆಟ್‌ಲೆಫ್ಸ್ ಎಂಬವನು, ವ್ಯಾಪಾರಕ್ಕಾಗಿ ಊರೂರು ಅಲೆಯುವಾಗ ತನ್ನ ಪ್ರಿಯೆ, ಚಿತ್ರಕಲಾವಿದೆಯಾದ ಫ್ರೀಡೆಲ್ ಎಡೆಲ್‌ಮಾನ್ ತನ್ನೊಡನೆ ಇರಲೆಂದು, ಕಾರಿನ ಹಿಂದೆ ಎಳೆಯುವ ಮನೆಯೊಂದನ್ನು ಕಟ್ಟಿದನು. ತಮ್ಮ ದೇಶದ ಕ್ಯಾರವಾನುಗಳಿಗೆಲ್ಲ ಅದೇ ಆದಿಪುರುಷ. ಅವನ ಮನೆತನದ ಉದ್ಯೋಗ ಚಾಟಿಗಳನ್ನೂ ಹಿಮದ ಮೇಲೆ ಜಾರುವವರು ಊರಿಕೊಳ್ಳುವ ಕೋಲುಗಳನ್ನೂ ತಯಾರಿಸುವುದಾಗಿತ್ತು. ಕೋಲು ಮಾಡುವವನು ಪ್ರಿಯೆಯನ್ನು ಅಗಲಲಾರದೆ ಕ್ಯಾರವಾನು ಮಾಡಿದನು. ತೊಂಬತ್ತು ವರ್ಷಗಳ ಮೇಲೆ ಅದೇ ಸೀಮೆಯಲ್ಲಿ ಇನ್ನೊಂದು ಕೋಲು ಅದನ್ನು ಬಿಸಿಲಿನಲ್ಲಿ ನಿಲ್ಲಿಸಿತು.

ರಾತ್ರಿ ಎಲ್ಲಿ ಕಳೆದೆವೆಂದು ತಾವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಟೆಟ್‌ನಾಂಗ್ ಕಡೆಯ ಒಂದು ಹಳ್ಳಿಯಲ್ಲಿ, ಹಾಪ್ಸ್ ಬಳ್ಳಿಗಳನ್ನು ಆಕಾಶದವರೆಗೆ ಹಬ್ಬಿಸಿದ ಎತ್ತರದ ಕೋಲುಗಳ ಪಕ್ಕದಲ್ಲಿ (ಕೋಲುಗಳಿಂದ ಸತ್ಕಾರ್ಯವೂ ಆಗುವುದುಂಟು), ಸೇಬಿನ ಖಾಲಿ ಪೆಟ್ಟಿಗೆಗಳನ್ನು ಜೋಡಿಸುತ್ತಿದ್ದ ರೈತಗಿತ್ತಿಯೊಬ್ಬಳು, ಮಗನು ಮಾತು ಮುಗಿಸುವ ಮೊದಲೇ ಮಲಗಿದ್ದ ಮಗುವನ್ನು ನೋಡಿ, ಅಂಗಳದ ಮೂಲೆಗೆ ಕೈ ತೋರಿಸಿದಳು. ಮಡದಿಗಾಗಿ ಒಂದು ಪೆಟ್ಟಿಗೆಯನ್ನು ಬೋರಲು ಹಾಕಿ ಕೂರಲು ಕೊಟ್ಟಳು. ಅದು ಕ್ಯಾಂಪಿಂಗ್ ಆಯಿತೋ ಇಲ್ಲವೋ, ಯಾವ ಕಿಟಕಿಯಿಂದಲೂ ಯಾರೂ ಇಣುಕಲಿಲ್ಲ.

ಈ ಪತ್ರವನ್ನು ತಮಗೆ ತಿಳಿಯದ ಕನ್ನಡದಲ್ಲಿ ಬರೆದದ್ದೇಕೆಂದರೆ, ತಮ್ಮ ಫಲಕಗಳೂ ನನಗೆ ತಿಳಿಯದ ಭಾಷೆಯಲ್ಲಿಯೇ ಇದ್ದವು. ಓದಿ ಹೇಳುವ ಮಗನೊಬ್ಬನನ್ನು ತಾವೂ ಹುಡುಕಿಕೊಳ್ಳತಕ್ಕದ್ದು. ಅವನು ಓದಿ ಹೇಳಿದ ದಿನ, ಸ್ಥಳವಿಲ್ಲ ಎಂದು ಬರೆದ ಒಂದು ಹಲಗೆಯನ್ನು ಮಾಡಿಸಿ, ಮೈದಾನ ಭರ್ತಿಯಾದ ಗಳಿಗೆಯಲ್ಲೇ ಶ್ರೀಮನ್ಮಹಾ ಅಡ್ಡಕೋಲಿನ ಕೊರಳಿಗೆ ತೂಗುಹಾಕಿರಿ. ಆಮೇಲೆ ಮೂರರವರೆಗಲ್ಲ, ಆರರವರೆಗೆ ಮಲಗಿರಿ. ವೆಚ್ಚ ನನ್ನದು. ಹಲಗೆಗೆ ಇಷ್ಟು, ಮೊಳೆಗೆ ಇಷ್ಟು, ಬಣ್ಣಕ್ಕೆ ಇಷ್ಟು, ಹಗ್ಗಕ್ಕೆ ಇಷ್ಟು, ಊರಿನ ತೆರಿಗೆ ಇಷ್ಟು ಎಂದು ತಮ್ಮ ಪದ್ಧತಿಯಂತೆಯೇ ಬಿಲ್ಲನ್ನು ಕಳುಹಿಸಿದರೆ ಹಣವನ್ನು ತಪ್ಪದೆ ಪಾವತಿ ಮಾಡುತ್ತೇನೆ. ನಮ್ಮೊಡನೆ ನಾಯಿಯಿರಲಿಲ್ಲವೆಂಬುದನ್ನು ಮಾತ್ರ ದಯವಿಟ್ಟು ಗಮನಿಸಬೇಕು.

ಇಂತಿ ತಮ್ಮ ದ್ವಾರದಲ್ಲಿ ಕಾದವರಲ್ಲೊಬ್ಬನು