ಪ್ಲೀಸ್ ರಿವರ್ಟ್, ಮಾರಾಯ್ರೇ!

ಉಡುಪಿ ಬ್ಯಾಂಕುಗಳ ತವರು. 1906ರಲ್ಲಿ ಕಾರ್ಪೊರೇಶನ್ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು ಹುಟ್ಟಿದ್ದು ಇಲ್ಲೇ. ಹಾಗಾಗಿ ಇಲ್ಲಿ ಮನೆಗೊಬ್ಬರು ಬ್ಯಾಂಕಿನವರು, ಅವರ ಜೊತೆಗೊಂದು ಆಫೀಸು ಇಂಗ್ಲಿಷು. ಹಿಂದೆಲ್ಲ ಕಾಗದದ ಕೊನೆಗೆ ‘ಡು ದ ನೀಡ್‌ಫುಲ್’ ಇರಲೇಬೇಕಿತ್ತು. ಅದರ ಪರ್ಯಾಯ ಮುಗಿದು ಈಗ ‘ರಿವರ್ಟ್’ ಸರ್ವಜ್ಞ ಪೀಠವೇರಿದೆ. ಯಾವ ಈಮೇಲ್ ತೆರೆದರೂ ‘ಪ್ಲೀಸ್ ರಿವರ್ಟ್’.

ಬರೆದವರ ಮನಸ್ಸಿನಲ್ಲಿರುವುದು ‘ಉತ್ತರ ಕೊಡಿ’ ಎಂದಷ್ಟೇ. ಆದರೆ ಆ ಕ್ರಿಯಾಪದ ಹೇಳುವುದು ಹಿಂದಿನ ಸ್ಥಿತಿಗೆ ಮರಳಿ ಎಂದು. ಲೀಸು ಮುಗಿದ ಜಾಗ ಧಣಿಗಳಿಗೆ ರಿವರ್ಟ್ ಆಗುತ್ತದೆ, ಅದು ಸರಿ. ಇದೇ ಮಾತನ್ನು ಕಾರ್ಕಳದ ಗೊಮ್ಮಟನಿಗೆ ಬರೆದು, ಅವನೂ ಚಾಚೂ ತಪ್ಪದೆ ಪಾಲಿಸಿದರೆ? ತಾನು ಎದ್ದುನಿಂತ 1432ಕ್ಕಿಂತ ಹಿಂದೆ ಹೋಗಿ ಬರೀ ಬಂಡೆಯಾಗಿ ಮಲಗಬೇಕು. 1901ರ ಕಾಪು ದೀಪಸ್ತಂಭ ಮಾಯವಾಗಿ ಬೋಳು ಕಲ್ಲು ಉಳಿದೀತು. ಸಿಂಡಿಕೇಟಿಗಂತೂ ಹಾಗೆ ಬರೆಯಲೇಬಾರದು. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ ಸೇರಿಹೋದದ್ದು ಮತ್ತೆ ಎದ್ದು ಬಂದರೆ ಎಷ್ಟು ಬೋರ್ಡು ಬದಲಿಸಬೇಕು! (ಅದರ ಪಿಗ್ಮಿ ಠೇವಣಿಗೆ ದಿನಾ ಚಿಲ್ಲರೆ ಕಟ್ಟುತ್ತಿದ್ದ ಹಳಬರಿಗೆ ಖುಷಿಯಾದೀತು, ಆ ಮಾತು ಬೇರೆ.)

‘ರಿವರ್ಟ್ ಬ್ಯಾಕ್’ ಎನ್ನುವವರೂ ಇದ್ದಾರೆ. ಗೋಳಿಬಜೆಗೆ ಗೋಳಿಬಜೆಯನ್ನೇ ನಂಚಿಕೊಂಡ ಹಾಗೆ.

ಈ ಬಳಕೆ ಎಷ್ಟು ಬೇರೂರಿದೆಯೆಂದರೆ, ಕೆಲವು ಇಂಗ್ಲಿಷ್ ಶಬ್ದಕೋಶಗಳೇ ಇದನ್ನು ಭಾರತೀಯ ಪ್ರಯೋಗವೆಂದು ಸೇರಿಸಿಕೊಂಡಿವೆ. ನಮ್ಮ ನಮ್ಮೊಳಗೆ ನಡೆಯಲಿ ಬಿಡಿ. ಆದರೆ ಮಣಿಪಾಲದಲ್ಲಿ ಓದಿ ಪರದೇಶಕ್ಕೆ ಅರ್ಜಿ ಹಾಕುವ ಮಕ್ಕಳೇ, ಅಲ್ಲಿಗೆ ‘ರಿಪ್ಲೈ’ ಎಂದೇ ಬರೆಯಿರಿ. ಸಾದಾ ಶಬ್ದ, ಆದರೆ ಕೆಲಸ ಆಗುತ್ತದೆ.