ಹುಲಿ ನಮ್ಮದು, ಹಸು ನಿಮ್ಮದು

ಮಲೆ ಮಹದೇಶ್ವರ ಬೆಟ್ಟದಲ್ಲಿ ಎಲ್ಲರಿಗೂ ಒಪ್ಪಿಗೆಯಾದ ಹುಲಿ ಒಂದೇ ಒಂದಿದೆ. ಮಾದಪ್ಪನನ್ನು ಬೆನ್ನ ಮೇಲೆ ಕೂರಿಸಿಕೊಂಡಿರುವ, 108 ಅಡಿ ಪ್ರತಿಮೆಯ ಹುಲಿ. 2023ರಲ್ಲಿ ಮುಖ್ಯಮಂತ್ರಿಗಳೇ ಬಂದು ಅನಾವರಣ ಮಾಡಿಹೋದರು. ಅದು ದನ ಹಿಡಿಯುವುದಿಲ್ಲ, ರೇಡಿಯೊ ಕಾಲರ್ ಕೇಳುವುದಿಲ್ಲ, ರಾತ್ರೋರಾತ್ರಿ ಗಡಿ ದಾಟಿ ತಮಿಳುನಾಡಿಗೆ ಹೋಗಿ ಎರಡು ಸರ್ಕಾರಗಳಿಗೆ ಪತ್ರ ಬರೆಸುವುದಿಲ್ಲ. ಸೆಲ್ಫಿಗೆಂದರೆ ಸದಾ ತಯಾರು. ಉಸಿರಾಡುವ ಹುಲಿಗಳೂ ಇದೇ ಬೆಟ್ಟದಲ್ಲಿವೆ. ಅವುಗಳದ್ದು ಒಂದೇ ದೋಷ, ಹೊಟ್ಟೆ ಇದೆ.

2025ರ ಜೂನ್ 26ರಂದು ಇದೇ ಬೆಟ್ಟದ ವನ್ಯಧಾಮದ ಹೂಗ್ಯಂ ವಲಯದ ಕಾಡಿನಲ್ಲಿ ಒಂದು ತಾಯಿಹುಲಿ, ನಾಲ್ಕು ಮರಿಗಳು ಸತ್ತುಬಿದ್ದಿದ್ದವು. ಹುಲಿ ಒಂದು ಹಸು ಹೊಡೆದಿತ್ತು. ಹಸುವಿನ ಮೈಗೆ ಯಾರೋ ವಿಷ ಸವರಿದರು. ಮಿಕ್ಕ ಊಟಕ್ಕೆ ತಾಯಿ ಮಕ್ಕಳನ್ನೂ ಕರೆದುಕೊಂಡು ಬಂದಿತು. ಸುದ್ದಿ ತಲುಪಿದ ರಾತ್ರಿ ಬೆಂಗಳೂರಿನ ಎಷ್ಟೋ ಮಂದಿಗೆ ಊಟ ಸೇರಲಿಲ್ಲ. ಸೇರಲಿಲ್ಲವೆಂದು ಅವರೇ ಬರೆದುಕೊಂಡರು. ಟೀವಿಯಲ್ಲಿ ಒಂದು ಹಸುವಿಗೆ ಐದು ಹುಲಿಯೇ ಎಂದು ಲೆಕ್ಕ ಕೇಳಿದರು. ದನದವರು ಜೈಲಿಗೆ, ಅಧಿಕಾರಿ ಕಡ್ಡಾಯ ರಜೆಗೆ, ತನಿಖಾ ತಂಡ ಬೆಟ್ಟಕ್ಕೆ. ಅದೇ ದಿನಗಳಲ್ಲಿ ಅದೇ ವನ್ಯಧಾಮದ ಹೊರಗುತ್ತಿಗೆ ಸಿಬ್ಬಂದಿ ತಿಂಗಳುಗಟ್ಟಲೆ ಸಂಬಳವಿಲ್ಲವೆಂದು ಪ್ರತಿಭಟನೆ ಮಾಡಿದ್ದರು. ಹುಲಿ ಸಾಯುವ ತನಕ ಆ ಸಿಬ್ಬಂದಿಗೂ ಹೊಟ್ಟೆ ಇದೆಯೆಂದು ಯಾರಿಗೂ ತೋರಲಿಲ್ಲ.

ವಿಷ ಹಾಕಿದ್ದು ತಪ್ಪು, ಎರಡು ಮಾತಿಲ್ಲ. ವಿಷಕ್ಕೆ ಕಣ್ಣಿಲ್ಲ. ಹಸು ಹೊಡೆದ ತಾಯಿ ಯಾವುದು, ಇನ್ನೂ ಬೇಟೆಯನ್ನೇ ಕಲಿಯದ ಮರಿ ಯಾವುದು, ಮರುದಿನ ಬರುವ ನರಿ ಯಾವುದು, ಹದ್ದು ಯಾವುದು ಎಂದು ಅದು ವಿಚಾರಿಸುವುದಿಲ್ಲ. ಈ ಮಟ್ಟಿಗೆ ಅದು ಸರ್ಕಾರಿ ಆದೇಶದ ಹಾಗೆ. ಜುಲೈಯಲ್ಲಿ ಅಂಥದ್ದೊಂದು ಬಂದೇ ಬಂತು: ಕಾಡಿನಲ್ಲಿ ದನ ಮೇಯಿಸುವುದನ್ನು ನಿಲ್ಲಿಸಿ ಎಂದು ಅರಣ್ಯ ಸಚಿವರ ಸೂಚನೆ. ವಿಷ ಹಾಕಿದವನ ದನ ಯಾವುದು, ತಲೆತಲಾಂತರದಿಂದ ದೊಡ್ಡಿ ಹಾಕಿಕೊಂಡು ಹುಲಿಗೂ ಒಂದಷ್ಟು ಬಿಟ್ಟುಕೊಟ್ಟು ಬದುಕಿದವನ ದನ ಯಾವುದು ಎಂದು ಸೂಚನೆಯೂ ಮೊದಲಿಗೆ ವಿಚಾರಿಸಲಿಲ್ಲ. ಗಲಾಟೆಯಾದ ಮೇಲೆ ಸ್ಪಷ್ಟನೆ ಬಂತು. ವಿಷಕ್ಕೆ ಆ ಸೌಲಭ್ಯ ಇಲ್ಲ.

ಈಗ ನೀತಿಯ ಪ್ರಶ್ನೆ. ಸಾಕಿದ ಪ್ರಾಣಿಯ ಜೀವ ಉಳಿಸಲು ಕಾಡಿನ ಪ್ರಾಣಿಯ ಜೀವ ತೆಗೆಯಬಹುದೆ? ಬುದ್ಧ, ಗಾಂಧಿ ಎಂದು ದೂರ ಹೋಗುವುದು ಬೇಡ, ನಮ್ಮ ಕಾನೂನು ಪುಸ್ತಕವೇ ಇದೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಮಿನ ಪ್ರಕಾರ ಹುಲಿಯಂಥ ಒಂದನೇ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು ಅಪ್ಪಣೆ ಸಿಗಬೇಕಾದರೆ ಅದು ಮನುಷ್ಯನ ಜೀವಕ್ಕೆ ಅಪಾಯವಾಗಿರಬೇಕು, ಇಲ್ಲವೇ ವಾಸಿಯಾಗದ ರೋಗಿಯಾಗಿರಬೇಕು. ಕೆಳಗಿನ ಅನುಸೂಚಿಯ ಪ್ರಾಣಿಯಾದರೆ ಆಸ್ತಿಗೆ ಅಪಾಯವಾದರೂ ಸಾಕು. ಹೊಲದಲ್ಲಿ ನಿಂತ ಬೆಳೆಯೂ ಆಸ್ತಿಯೇ. ಜೋಳ ತಿಂದ ಹಂದಿಗೆ ಗುಂಡಿನ ಯೋಗವಿದೆ, ಹಸು ತಿಂದ ಹುಲಿಗಿಲ್ಲ. ಹುಲಿ ಉಳಿಯಬೇಕಾದರೆ ಹಾಗಿರುವುದೇ ಸರಿ ಎಂದು ನಾನೂ ಒಪ್ಪುತ್ತೇನೆ. ನನ್ನ ಮನೆಯಲ್ಲಿ ಹಸು ಇಲ್ಲ, ಆದ್ದರಿಂದ ಒಪ್ಪಲು ಸಲೀಸು.

ಇನ್ನು ಹಸುವಿನ ಕಡೆಯ ಕಾನೂನು. ಕರ್ನಾಟಕದ 2020ರ ಜಾನುವಾರು ಹತ್ಯೆ ತಡೆ ಕಾಯ್ದೆಯಲ್ಲಿ ಹಸು ಕೊಂದವನಿಗೆ 3ರಿಂದ 7 ವರ್ಷ ಜೈಲು. ಹುಲಿ ಕೊಂದವನಿಗೆ ವನ್ಯಜೀವಿ ಕಾಯ್ದೆಯಲ್ಲಿ ಎಷ್ಟು? 3ರಿಂದ 7 ವರ್ಷ. ಶಾಸಕಾಂಗದ ತಕ್ಕಡಿಯಲ್ಲಿ ಎರಡೂ ಸಮತೂಕ. ಹುಲಿಯೇ ಹಸು ಕೊಂದರೆ ಮಾತ್ರ ಯಾವ ಕಲಮೂ ಇಲ್ಲ. ಪುಣ್ಯಕೋಟಿಯ ಕಾಲದ ಹುಲಿಗಾದರೆ ನಾಚಿಕೆಯೆಂಬುದಿತ್ತು. ಈಗಿನದಕ್ಕೆ ಇರುವುದು ಒಂದನೇ ಅನುಸೂಚಿ. ಹೆದ್ದಾರಿಯಲ್ಲಿ ಟೆಂಪೊ ಅಡ್ಡಗಟ್ಟುವ ಗೋರಕ್ಷಕರು ಹೂಗ್ಯಂ ಕಾಡಿನಲ್ಲಿ ಒಂದು ರಾತ್ರಿ ಗಸ್ತು ತಿರುಗಿದ ವರದಿ ಇದುವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ. ಕಸಾಯಿಯವನಿಗಿಂತ ಹುಲಿಗೆ ಹಲ್ಲು ಜಾಸ್ತಿ ಎಂಬುದು ಅವರಿಗೂ ಗೊತ್ತು. ಇತ್ತ ಊರಿನವರೂ ದಡ್ಡರಲ್ಲ. ಬತ್ತಿದ ಮುದಿ ಹಸು ಕಸಾಯಿಗೆ ಮಾರಿದರೆ ಜೈಲು, ಕಾಡಿಗೆ ಬಿಟ್ಟು ಹುಲಿಗೆ ಸಿಕ್ಕರೆ ಪರಿಹಾರ. ಇಷ್ಟು ಸರಳ ಲೆಕ್ಕ ಬರದವನು ಬೇಸಾಯ ಮಾಡಲಾರ.

ಪರಿಹಾರ ಎಂದೆನಲ್ಲ, ಅದು ಹೇಗೆ ಬರುತ್ತದೆ ನೋಡಿ. ಸಂಜೆ ದನ ಎಣಿಸಿದಾಗ ಒಂದು ಕಮ್ಮಿ. ಬೆಳಿಗ್ಗೆ ಲಂಟಾನ ಪೊದೆಯಡಿ ಸಿಗುತ್ತದೆ, ಹಿಂತೊಡೆ ಇರುವುದಿಲ್ಲ. ಎತ್ತಿಕೊಂಡು ಹೋಗುವಂತಿಲ್ಲ, ಅದೀಗ ಹುಲಿಯ ತಟ್ಟೆ. ಮೊಬೈಲ್ ಸಿಗ್ನಲ್ ಸಿಗುವ ದಿಬ್ಬ ಹತ್ತಿ ಫೋನ್ ಮಾಡಬೇಕು. ಇಲಾಖೆಯವರು ಬರಬೇಕು, ಪಶುವೈದ್ಯರು ಬರಬೇಕು, ಮಹಜರು ಆಗಬೇಕು. ಬಂದರು ಎನ್ನಿ.

"ಹುಲಿಯೋ ಚಿರತೆಯೋ?"

"ಹುಲಿನೇ ಸಾ. ಹೆಜ್ಜ ನೋಡಿ, ತಟ್ಟೆ ಅಗಲ ಅದ."

"ಬೌಂಡ್ರಿ ಕಲ್ಲಿಂದ ಎಷ್ಟು ಒಳಗೆ ಬಿಟ್ಟಿದ್ದೆ?"

"ನಾ ಈಚೆಗೇ ಬುಟ್ಟಿದ್ದಿ ಸಾ. ಕಲ್ಲು ದನಕ್ಕ ಏನ್ ಗೊತ್ತು?"

"ಇನ್ಶೂರೆನ್ಸ್ ಇದೆಯಾ? ಕಿವಿ ಓಲೆ ಎಲ್ಲಿ?"

"ಆ ಕಿವಿ ನಾಯಿ ಎತ್ಕಂಡ್ ಹೋಯ್ತು ಸಾ."

ಅಲ್ಲಿಗೆ ವಿಮೆ ಮುಗಿಯಿತು. ಹಳದಿ ಓಲೆಯ ಮೇಲಿನ 12 ಅಂಕಿ ಇಲ್ಲದೆ ಸತ್ತ ಹಸು, ವಿಮೆಯವರ ಮಟ್ಟಿಗೆ ಹುಟ್ಟಿಯೇ ಇಲ್ಲ. ಸರ್ಕಾರದ ಪರಿಹಾರ ಬರುತ್ತದೆ, ಬರುವುದಿಲ್ಲ ಅಂತಲ್ಲ. ಪಹಣಿ, ಪಾಸ್‌ಬುಕ್, ಫೋಟೊ ಎಲ್ಲವೂ ಒಂದೇ ಮೇಜಿನ ಮೇಲೆ ಒಂದೇ ದಿನ ಸೇರಿದರೆ ಬರುತ್ತದೆ. ನಿಂತುಹೋದ ಹಾಲು, ತಪ್ಪಿಹೋದ ಗೊಬ್ಬರ, ಹುಟ್ಟಬೇಕಿದ್ದ ಕರು ಅದರಲ್ಲಿ ಸೇರುವುದಿಲ್ಲ. ಸಂತೆಗೆ ಹೋಗಿ ಇನ್ನೊಂದು ಹಸುವಿನ ಬೆಲೆ ಕೇಳಿದಾಗ ಪರಿಹಾರ ಎಷ್ಟು ಬಂತೆಂದು ಗೊತ್ತಾಗುತ್ತದೆ. ಈ ಇಡೀ ವ್ಯವಹಾರದಲ್ಲಿ ಅರ್ಜಿ ಇಲ್ಲದೆ, ಮಹಜರಿಲ್ಲದೆ, ಅರ್ಧ ಗಂಟೆಯಲ್ಲಿ ಕೈಗೆ ಸಿಗುವುದು ಅಂಗಡಿಯ ವಿಷ ಒಂದೇ.

ಕೊಲ್ಲುವುದು ನಮಗೆ ಹೊಸದೇನಲ್ಲ, ಕೊಲ್ಲುವವನ ಅಂತಸ್ತು ಬದಲಾಗಿದೆ. 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಬ್ರಿಟಿಷರ ಭಾರತದಲ್ಲಿ ಇನಾಮಿನ ಆಸೆಗೆ 80,000ಕ್ಕೂ ಹೆಚ್ಚು ಹುಲಿ, ಒಂದೂವರೆ ಲಕ್ಷ ಚಿರತೆ, ಎರಡು ಲಕ್ಷ ತೋಳ ಸತ್ತವೆಂದು ಇತಿಹಾಸಕಾರ ಮಹೇಶ್ ರಂಗರಾಜನ್ ಲೆಕ್ಕ ಹಾಕಿದ್ದಾರೆ. ಆಗ ಹುಲಿ ಕೊಂದವನಿಗೆ ಸರ್ಕಾರವೇ ದುಡ್ಡು ಎಣಿಸುತ್ತಿತ್ತು. ಬಂಡೀಪುರ ಆಗ ಮೈಸೂರು ಅರಸರ ಬೇಟೆಯ ಕಾಡು. ಅರಸರು ಕೊಂದ ಹುಲಿ ಗೋಡೆಯ ಮೇಲೆ ಪರಂಪರೆಯಾಗಿ ಉಳಿದಿದೆ, ದನಗಾಹಿ ಕೊಂದ ಹುಲಿ ಎಫ್‌ಐಆರ್‌ನಲ್ಲಿ.

ಹಾಗೆಂದು ಎಲ್ಲ ಭಾರ ದನಗಾಹಿಯ ಹೆಗಲಿಗೇ ಬೇಡ, ನಮ್ಮ ಲೋಟಕ್ಕೂ ಒಂದಿಷ್ಟು ಇರಲಿ. ಗುಂಡ್ಲುಪೇಟೆ ಸೀಮೆಯಲ್ಲಿ ಅಷ್ಟೊಂದು ದನ ಕಾಡಿಗೆ ನುಗ್ಗುವುದು ಹಾಲಿಗಷ್ಟೇ ಅಲ್ಲ, ಸಗಣಿಗೆ ಎಂದು ವನ್ಯಜೀವಿ ವಿಜ್ಞಾನಿ ಎಂ.ಡಿ. ಮಧುಸೂದನ್ 2005ರಲ್ಲೇ ಅಧ್ಯಯನ ಮಾಡಿ ತೋರಿಸಿದ್ದರು. ಬಂಡೀಪುರದ ಹುಲ್ಲು ದನದ ಹೊಟ್ಟೆಯಲ್ಲಿ ಗೊಬ್ಬರವಾಗಿ, ಲಾರಿ ಹತ್ತಿ, ಕಾಫಿ ತೋಟಗಳಿಗೆ ಹೋಗುತ್ತಿತ್ತು. ಲೋಕದ ಮಾರುಕಟ್ಟೆಯಲ್ಲಿ ಕಾಫಿಗೆ ಬೆಲೆ ಏರಿದರೆ ಬಂಡೀಪುರದ ಅಂಚಿನಲ್ಲಿ ಸಗಣಿಗೆ ಬೆಲೆ, ಸಗಣಿಗೆ ಬೆಲೆ ಬಂದರೆ ಕಾಡಿಗೆ ಇನ್ನೆರಡು ದನ. ಆಮೇಲೆ ಹುಲಿ ಏನು ಮಾಡುತ್ತದೆಂದು ಮೇಲೆ ಹೇಳಿದ್ದೇನೆ. ಪೊಟ್ಟಣದ ಮೇಲೆ 'ಸಾವಯವ' ಎಂದು ಬರೆದಿದ್ದರೆ ಇನ್ನೂ ಸಂತೋಷ. ಐದು ಹುಲಿಗಳಿಗೆ ಶ್ರದ್ಧಾಂಜಲಿ ಬರೆದ ಬೆಳಿಗ್ಗೆ ನಾನೂ ಎರಡು ಲೋಟ ಫಿಲ್ಟರ್ ಕಾಫಿ ಕುಡಿದೆ.

ನಗರದವರ ಸಹಬಾಳ್ವೆಯ ಪರೀಕ್ಷೆಯೂ ಒಮ್ಮೆ ಆಗಿದೆ. 2023ರ ಅಕ್ಟೋಬರ್ ಕೊನೆಗೆ ಬೆಂಗಳೂರಿನ ಕೂಡ್ಲು ಗೇಟ್ ಬಳಿ ಅಪಾರ್ಟ್‌ಮೆಂಟಿನಲ್ಲಿ ಚಿರತೆ ಕಾಣಿಸಿತು. ಯಾರ ಹಸುವನ್ನೂ ತಿಂದಿರಲಿಲ್ಲ. ತಿನ್ನಲು ಅಲ್ಲಿ ಹಸು ಎಲ್ಲಿ? ಕಾರು ನಿಲ್ಲಿಸುವ ಜಾಗದಲ್ಲಿ ನಡೆದದ್ದು, ಸಿಸಿಟಿವಿಯಲ್ಲಿ ಸಿಕ್ಕಿದ್ದು ಅದರ ಅಪರಾಧ. ಮಕ್ಕಳು ಹೊರಗೆ ಆಡುವಂತಿಲ್ಲ, ಬೆಳಗಿನ ವಾಕಿಂಗ್ ಬಂದ್. ಕೆಲವೇ ದಿನಗಳಲ್ಲಿ, ನವೆಂಬರ್ 1ರಂದು, ಹಿಡಿಯಲು ಹೋದ ಸಿಬ್ಬಂದಿಯ ಮೇಲೆರಗಿದ ಚಿರತೆ ಗುಂಡೇಟಿಗೆ ಸತ್ತಿತು. ರಾಜ್ಯೋತ್ಸವದ ದಿನ. ಕಾಡಂಚಿನವರು ವನ್ಯಜೀವಿಯ ಜೊತೆ ಬದುಕಲು ಕಲಿಯಬೇಕು ಎಂಬ ನಮ್ಮ ಉಪದೇಶಕ್ಕೆ ಒಂದು ವಾರದ ಬಾಳಿಕೆಯೂ ಬರಲಿಲ್ಲ.

ಇತ್ತ ಕಾಡಂಚಿನಲ್ಲಿ, 2025ರ ಸೆಪ್ಟೆಂಬರಿನಲ್ಲಿ, ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದವರು ಹುಲಿ ಹಿಡಿಯಲೆಂದು ಇಟ್ಟ ಬೋನಿಗೆ ಅರಣ್ಯ ಸಿಬ್ಬಂದಿಯನ್ನೇ ತುಂಬಿ ಬಾಗಿಲು ಹಾಕಿದರು. ಎಷ್ಟು ಸಲ ಹೇಳಿದರೂ ಹುಲಿ ಹಿಡಿದಿಲ್ಲ ಎಂಬ ಸಿಟ್ಟು. ಬೋನಿಗೆ ಬಿದ್ದವರು ಕೆಳಗಿನ ನೌಕರರು. ಮೇಲಿನವರು ಯಾವ ಬೋನಿಗೂ ಹಿಡಿಸುವುದಿಲ್ಲ.

ಇದೆಲ್ಲ ನೋಡಿ ನನ್ನದೊಂದು ಬಡ ಸಲಹೆ. ಸರ್ಕಾರ 2022ರಲ್ಲಿ ಪುಣ್ಯಕೋಟಿ ದತ್ತು ಯೋಜನೆ ತಂದಿತ್ತು: ವರ್ಷಕ್ಕೆ 11,000 ರೂಪಾಯಿ ಕೊಟ್ಟರೆ ಗೋಶಾಲೆಯ ಒಂದು ಹಸು ನಿಮ್ಮ ಹೆಸರಿಗೆ. ಅದನ್ನೇ ಒಂದು ಹೆಜ್ಜೆ ಮುಂದಕ್ಕೆ ಒಯ್ಯೋಣ. ರಾಜ್ಯದಲ್ಲಿ 2022ರ ಗಣತಿಯಂತೆ 563 ಹುಲಿಗಳಿವೆ. ಆ ಎಣಿಕೆಯಲ್ಲಿ ಮೊದಲಿದ್ದ ಮಧ್ಯಪ್ರದೇಶವನ್ನು ಹಿಂದೆ ಹಾಕಬೇಕೆಂಬ ಆಸೆ ಎಲ್ಲರಿಗೂ ಇದೆ. ಹುಲಿಯನ್ನು ಡಿಪಿಯಲ್ಲಿ ಇಟ್ಟುಕೊಂಡ ಪ್ರತಿಯೊಬ್ಬರೂ ಒಂದೊಂದು ಹಸು ಕೊಳ್ಳಲಿ. ಮುದಿಯದಲ್ಲ, ಕರೆಯುವ ಹಸು. ಕಿವಿಗೆ ತಮ್ಮ ಹೆಸರಿನ ಓಲೆ ಹಾಕಿಸಿ, ಒಂದು ತಿಂಗಳು ಮನೆಯಲ್ಲೇ ಸಾಕಿ, ಹೆಸರಿಟ್ಟು, ಆಮೇಲೆ ಬಂಡೀಪುರದ ಅಂಚಿಗೆ ತಂದು ಬಿಡಲಿ. ಹುಲಿ ತಿಂದ ದಿನ ಇಲಾಖೆಯವರು ಫೋಟೊ ಕಳಿಸುತ್ತಾರೆ. ದನದವನಿಗೆ ನಷ್ಟವಿಲ್ಲ, ಹುಲಿಗೆ ಉಪವಾಸವಿಲ್ಲ, ವಿಷದಂಗಡಿಗೆ ಗಿರಾಕಿ ಇಲ್ಲ.

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದೇನೆ. ಹೃದಯದ ಚಿಹ್ನೆಗಳು ಬಂದಿವೆ, ಹಸು ಇನ್ನೂ ಬಂದಿಲ್ಲ. ಒಬ್ಬರು ಮಾತ್ರ ಆಸಕ್ತಿ ತೋರಿಸಿ, ಇದಕ್ಕೆ 80ಜಿ ಅಡಿಯಲ್ಲಿ ತೆರಿಗೆ ವಿನಾಯಿತಿ ಸಿಗುತ್ತದೆಯೇ ಎಂದು ಕೇಳಿದ್ದಾರೆ.